ಟಿಳಕರ ಜಾಮೀನು

(ಆಕಾಶವಾಣಿ ಭಾಷಣ)

ಹಳೆಗನ್ನಡದಲ್ಲಿ 'ಪೊಣೆ' ಎಂಬ ಮಾತೊಂದು ಉಂಟು. ಹೊಸಗನ್ನಡಕ್ಕೆ ಬರುವಾಗ ಪಕಾರವು ಹಕಾರವಾಗಿ ಅದು 'ಹೊಣೆ'ಯಾಯಿತು. ಇಂದು ನಾವು ಆ ಮಾತನ್ನು ಕರ್ತವ್ಯ, ಜವಾಬ್ದಾರಿ ಎಂಬ ಸಾಮಾನ್ಯ ಅರ್ಥದಲ್ಲಿ ಬಳಸುತ್ತೇವೆ. ಆದರೆ ಅದರ ಹಳೆಯ ಅರ್ಥ ಇದಕ್ಕಿಂತ ಗಟ್ಟಿಯಾದದ್ದು. ಒಬ್ಬನ ಪರವಾಗಿ ಇನ್ನೊಬ್ಬನು ಎದ್ದು ನಿಂತು, 'ಇವನು ಮಾತಿಗೆ ತಪ್ಪಿದರೆ ನನ್ನನ್ನು ಕೇಳಿ' ಎನ್ನುವುದೇ ಹೊಣೆ ನಿಲ್ಲುವುದು. ಅರಬ್ಬಿಯಿಂದ ಪಾರ್ಸಿಯ ಮೂಲಕ ನಮ್ಮ ಕಚೇರಿಗಳಿಗೆ ಬಂದ 'ಜಾಮೀನು' ಎಂಬ ಮಾತಿಗೂ ಮೂಲದಲ್ಲಿ ಇದೇ ಅರ್ಥ. ಅದು ಮೊದಲಿಗೆ ಹಣದ ಹೆಸರಾಗಿರಲಿಲ್ಲ, ಕಾಗದದ ಹೆಸರೂ ಆಗಿರಲಿಲ್ಲ. ಹೊಣೆ ನಿಂತ ಮನುಷ್ಯನ ಹೆಸರಾಗಿತ್ತು.

ಈ ಎರಡು ಮಾತುಗಳಲ್ಲಿಯೂ ಗಮನಿಸಬೇಕಾದದ್ದು ಒಂದಿದೆ. ಎರಡರಲ್ಲಿಯೂ ಆ ಮನುಷ್ಯ ತಪ್ಪಿತಸ್ಥನೋ ನಿರಪರಾಧಿಯೋ ಎಂಬ ವಿಚಾರವೇ ಇಲ್ಲ. ಕರೆದ ದಿನ ಬರುವನೋ ಬಾರನೋ ಎಂಬುದೊಂದೇ ಅಲ್ಲಿರುವ ಪ್ರಶ್ನೆ.

ನಾನು ವಕೀಲನಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡ ಪಾಠ ಹೇಳಿ ನಿವೃತ್ತನಾದವನು. ಕಾನೂನಿನ ವಿಷಯವನ್ನು ಎತ್ತಿಕೊಂಡದ್ದಕ್ಕೆ ಕಾರಣ ಈ ಪ್ರಶ್ನೆಯೇ. ಯಾವುದಾದರೂ ದೊಡ್ಡ ಮೊಕದ್ದಮೆ ನಡೆದಾಗ, ಆರೋಪಿಗೆ ಜಾಮೀನು ಸಿಕ್ಕಿತು ಅಥವಾ ಸಿಗಲಿಲ್ಲ ಎಂಬ ಸುದ್ದಿ ಬಂದಾಗ, ನಮ್ಮ ಊರಿನ ಹೋಟೆಲಿನ ಬೆಂಚಿನಿಂದ ಹಿಡಿದು ಪತ್ರಿಕೆಯ ಸಂಪಾದಕೀಯದವರೆಗೆ ಒಂದು ಚರ್ಚೆ ಏಳುತ್ತದೆ. 'ಅಂಥ ಪಾಪಿಗೆ ಜಾಮೀನೇ?' ಎಂದು ಒಂದು ಪಕ್ಷ ಕೇಳುತ್ತದೆ. 'ಅಂಥ ಸಜ್ಜನರಿಗೆ ಸೆರೆಮನೆಯೇ?' ಎಂದು ಇನ್ನೊಂದು ಪಕ್ಷ ಕೇಳುತ್ತದೆ. ಎರಡು ಪಕ್ಷಗಳೂ ಬದ್ಧವೈರಿಗಳಂತೆ ಕಾಣುತ್ತವೆ. ಆದರೆ ಎರಡೂ ಮಾಡುವ ತಪ್ಪು ಒಂದೇ. ವಿಚಾರಣೆ ಮುಗಿದ ಮೇಲೆ ಕೇಳಬೇಕಾದ ಪ್ರಶ್ನೆಯನ್ನು ಇಬ್ಬರೂ ವಿಚಾರಣೆಗೆ ಮುಂಚೆಯೇ ಕೇಳಿರುತ್ತಾರೆ, ಉತ್ತರವನ್ನೂ ಕೊಟ್ಟುಬಿಟ್ಟಿರುತ್ತಾರೆ.

ಇಂದಿನ ಮೊಕದ್ದಮೆಗಳನ್ನು ಹಿಡಿದು ಈ ಮಾತನ್ನು ಆಡಿದರೆ ನೀವೂ ಒಂದು ಪಕ್ಷ ಹಿಡಿಯುತ್ತೀರಿ, ನಾನೂ ಒಂದು ಪಕ್ಷ ಹಿಡಿಯುತ್ತೇನೆ. ಆದ್ದರಿಂದ ನೂರಕ್ಕೂ ಹೆಚ್ಚು ವರ್ಷ ಹಿಂದಿನ ಒಂದು ಕಥೆಗೆ ಹೋಗೋಣ. ಅದು ಬಾಳ ಗಂಗಾಧರ ಟಿಳಕರ ಜಾಮೀನಿನ ಕಥೆ.

1897ನೆಯ ಇಸವಿ. ಪುಣೆಯಲ್ಲಿ ಪ್ಲೇಗು ಹಬ್ಬಿತ್ತು. ರೋಗ ತಡೆಯುವ ಕೆಲಸವನ್ನು ಸರಕಾರವು ವಾಲ್ಟರ್ ರ‍್ಯಾಂಡ್ ಎಂಬ ಅಧಿಕಾರಿಗೆ ಒಪ್ಪಿಸಿತ್ತು. ಸೋಲ್ಜರರು ಮನೆಮನೆ ಹೊಕ್ಕು ಶೋಧಿಸುತ್ತಿದ್ದರು. ರೋಗಿಗಳನ್ನು ಆಸ್ಪತ್ರೆಗೂ ಜೊತೆಯಲ್ಲಿದ್ದವರನ್ನು ಬೇರೆ ಶಿಬಿರಗಳಿಗೂ ಸಾಗಿಸುತ್ತಿದ್ದರು. ದೇವರಮನೆ, ಅಡುಗೆಮನೆ ಎಂಬ ಭೇದ ಅವರಿಗೆ ಇರಲಿಲ್ಲವೆಂದು ಜನ ಕುದಿಯುತ್ತಿದ್ದರು. ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ಸಮಾರಂಭ ಮುಗಿಸಿ ಗಣೇಶಖಿಂಡದ ದಾರಿಯಲ್ಲಿ ಮರಳುತ್ತಿದ್ದ ರ‍್ಯಾಂಡನ ಮೇಲೆ ಗುಂಡು ಹಾರಿತು. ಲೆಫ್ಟಿನೆಂಟ್ ಆಯರ್ಸ್ಟ್ ಎಂಬ ಇನ್ನೊಬ್ಬ ಅಧಿಕಾರಿ ಸ್ಥಳದಲ್ಲಿಯೇ ಸತ್ತ. ರ‍್ಯಾಂಡ್ ಜುಲೈ 3ರಂದು ತೀರಿಕೊಂಡ. ಗುಂಡು ಹಾರಿಸಿದವರು ಚಾಪೇಕರ ಸಹೋದರರೆಂಬುದು ಮುಂದೆ ತಿಳಿದುಬಂದ ಸಂಗತಿ. ಆ ಜುಲೈ ತಿಂಗಳಲ್ಲಿ ಅವರಿನ್ನೂ ಸಿಕ್ಕಿರಲಿಲ್ಲ.

ಕೊಲೆಗೆ ಒಂದು ವಾರ ಮುಂಚೆ, ಜೂನ್ 15ರ 'ಕೇಸರಿ'ಯಲ್ಲಿ, ಶಿವಾಜಿ ಉತ್ಸವದ ವರದಿ ಬಂದಿತ್ತು. ಶಿವಾಜಿಯ ಬಾಯಿಂದ ನಾಡಿನ ದುಃಸ್ಥಿತಿಯನ್ನು ಹೇಳಿಸಿದ ಒಂದು ಪದ್ಯವಿತ್ತು. ಅಫಜಲಖಾನನನ್ನು ಶಿವಾಜಿ ಕೊಂದದ್ದು ಪಾಪವೇ ಅಲ್ಲವೇ ಎಂಬ ಚರ್ಚೆಯ ವರದಿಯೂ ಇತ್ತು. ಮುಂಬಯಿಯ ಆಂಗ್ಲೋ-ಇಂಡಿಯನ್ ಪತ್ರಿಕೆಗಳೂ ಲಂಡನ್ನಿನ ಪತ್ರಿಕೆಗಳೂ ಈ ಲೇಖನಕ್ಕೂ ಆ ಗುಂಡಿಗೂ ಗಂಟು ಹಾಕಿದವು. ಜುಲೈ 27ರಂದು ಮುಂಬಯಿಯಲ್ಲಿ ಟಿಳಕರ ಬಂಧನವಾಯಿತು. ಆರೋಪ ಕೊಲೆಯದಲ್ಲ, ರಾಜದ್ರೋಹದ್ದು. ಆದರೆ ಪತ್ರಿಕೆ ಓದುವವರ ಮನಸ್ಸಿನಲ್ಲಿ ಎರಡೂ ಬೆರೆತುಹೋಗಿದ್ದವು.

ಆ ದಿನಗಳ ಕಾವು ಎಷ್ಟಿತ್ತೆಂಬುದಕ್ಕೆ ಎರಡು ಸಂಗತಿ ಹೇಳಿದರೆ ಸಾಕು. ಗೋಪಾಲಕೃಷ್ಣ ಗೋಖಲೆಯವರು ಆಗ ಇಂಗ್ಲೆಂಡಿಗೆ ಹೋಗಿದ್ದರು. ಪುಣೆಯಿಂದ ಬಂದ ಪತ್ರಗಳನ್ನು ನಂಬಿ, ಸೋಲ್ಜರರ ದುರ್ವರ್ತನೆಯ ವಿಷಯವನ್ನು ಅಲ್ಲಿನ ಪತ್ರಿಕೆಗೆ ತಿಳಿಸಿದರು. ಹಿಂದಿರುಗಿದ ಮೇಲೆ ಅದಕ್ಕೆ ಸಾಕ್ಷ್ಯ ಒದಗಿಸಲಾಗದೆ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಎರಡನೆಯದು, ಟಿಳಕರ ಬಂಧನವಾದ ಹೊತ್ತಿಗೇ ಪುಣೆಯ ನಾತು ಸಹೋದರರನ್ನು 1827ರ ಒಂದು ಹಳೆಯ ರೆಗ್ಯುಲೇಶನ್ನಿನ ಅಡಿಯಲ್ಲಿ ಸರಕಾರ ಹಿಡಿದಿಟ್ಟಿತು. ಅವರ ಮೇಲೆ ಆರೋಪಪತ್ರವಿಲ್ಲ, ವಿಚಾರಣೆಯಿಲ್ಲ. ವಿಚಾರಣೆಯೇ ಇಲ್ಲದ ಮೇಲೆ ಜಾಮೀನಿನ ಮಾತೆಲ್ಲಿ? ಅವರ ಬಿಡುಗಡೆಯಾದದ್ದು 1899ರಲ್ಲಿ. ಜಾಮೀನನ್ನು ಕೇಳಬಹುದು ಎಂಬುದೇ ಒಂದು ಹಕ್ಕು ಎಂಬುದು ನಾತು ಸಹೋದರರನ್ನು ನೆನೆದಾಗ ತಿಳಿಯುತ್ತದೆ.

ಟಿಳಕರ ಪರವಾಗಿ ಮೊದಲು ಮ್ಯಾಜಿಸ್ಟ್ರೇಟರ ಮುಂದೆ ಜಾಮೀನು ಕೇಳಿದರು, ಸಿಗಲಿಲ್ಲ. ಆ ರಾತ್ರಿ ಗೆಳೆಯರು ಸುದ್ದಿ ಹೇಳಲು ಹೋದಾಗ ಟಿಳಕರು ಗಾಢನಿದ್ರೆಯಲ್ಲಿದ್ದರೆಂದು ಹೇಳುತ್ತಾರೆ. ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಪಾರ್ಸನ್ಸ್ ಮತ್ತು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರ ಮುಂದೆ ಅರ್ಜಿ ಹೋಯಿತು. ಅವರೂ ಒಪ್ಪಲಿಲ್ಲ. ರಾನಡೆಯವರು ಟಿಳಕರ ಊರಿನ ಹಿರಿಯರು. ಮರಾಠರ ಅಭ್ಯುದಯದ ಇತಿಹಾಸವನ್ನು ಬರೆದ ವಿದ್ವಾಂಸರು. ಸಮಾಜ ಸುಧಾರಣೆಯ ವಿಷಯದಲ್ಲಿ ಅವರಿಗೂ ಟಿಳಕರಿಗೂ ಬಹಳ ಭಿನ್ನಾಭಿಪ್ರಾಯವಿತ್ತು. ಅದೇ ಕಾರಣವೆಂದು ಹೇಳಿದರೆ ಅನ್ಯಾಯವಾದೀತು. ಮೊಕದ್ದಮೆ ಆಗಿನ್ನೂ ಮ್ಯಾಜಿಸ್ಟ್ರೇಟರ ಮುಂದೆಯೇ ಇತ್ತು, ಸೆಶನ್ಸಿಗೆ ಒಪ್ಪಿಸಿರಲಿಲ್ಲ ಎಂಬುದನ್ನೂ ಮರೆಯಬಾರದು.

ಸೆಶನ್ಸಿಗೆ ಒಪ್ಪಿಸಿದ ಮೇಲೆ, ಆಗಸ್ಟ್ 4ರಂದು, ಅರ್ಜಿ ಮತ್ತೆ ಹೈಕೋರ್ಟಿಗೆ ಬಂತು. ಈ ಸಲ ಪೀಠದಲ್ಲಿದ್ದವರು ನ್ಯಾಯಮೂರ್ತಿ ಬದ್ರುದ್ದೀನ್ ತಯ್ಯಬ್ಜಿ. ಟಿಳಕರ ಪರವಾಗಿ ವಾದಿಸಲು ಎದ್ದು ನಿಂತವರು ದಿನ್ಶಾ ದಾವರ್ ಎಂಬ ಪಾರಸಿ ಬ್ಯಾರಿಸ್ಟರು. ಆ ಹೆಸರನ್ನು ನೆನಪಿನಲ್ಲಿಡಿ. ಹನ್ನೊಂದು ವರ್ಷಗಳ ಮೇಲೆ ಅದು ಮತ್ತೆ ಬರುತ್ತದೆ.

ತಯ್ಯಬ್ಜಿಯವರು 1887ರ ಮದ್ರಾಸಿನ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದವರು. ಧರ್ಮದಿಂದ ಮುಸಲ್ಮಾನರು. ಆಪಾದನೆಗೆ ಗುರಿಯಾದ ಬರಹಗಳಲ್ಲೊಂದು ಅಫಜಲಖಾನನ ವಧೆಯ ಸಮರ್ಥನೆ. ಸರಕಾರದ ಪರವಾಗಿ ವಿರೋಧವಿತ್ತು. ತಮ್ಮದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ನಿರಾಕರಣೆಯೂ ಮುಂದಿತ್ತು. ಜಾಮೀನು ಕೊಡದಿರಲು ಬೇಕಾದಷ್ಟು ನೆಪಗಳಿದ್ದವು. ತಯ್ಯಬ್ಜಿಯವರು ಜಾಮೀನು ಕೊಟ್ಟರು.

ಅವರ ತರ್ಕ ಬಹಳ ಸರಳ. ಕರೆದಾಗ ಆರೋಪಿ ವಿಚಾರಣೆಗೆ ಬರುವನೇ ಎಂಬುದನ್ನು ನೋಡಬೇಕು. ಟಿಳಕರು ಮುಂಬಯಿ ಶಾಸನಸಭೆಯ ಸದಸ್ಯರು, ನಾಲ್ಕು ಜನರ ನಡುವೆ ಬಾಳಿದವರು; ಓಡಿಹೋಗುವವರಲ್ಲ. ಹೊರಗಿದ್ದರೆ ತಮ್ಮ ಪರ ವಾದಕ್ಕೆ ಬೇಕಾದ ಸಿದ್ಧತೆ ಮಾಡಿಕೊಳ್ಳಬಲ್ಲರು. ಒಳಗಿಟ್ಟು, ತಿಂಗಳು ಕಳೆದ ಮೇಲೆ ಅವರು ನಿರಪರಾಧಿಯೆಂದು ತೀರ್ಮಾನವಾದರೆ, ಆ ತಿಂಗಳನ್ನು ಅವರಿಗೆ ಹಿಂದಕ್ಕೆ ಕೊಡುವವರು ಯಾರು? ಅವರ ಮಾತಿನ ಸಾರವಿಷ್ಟೆ. ಲೇಖನ ಒಳ್ಳೆಯದೋ ಕೆಟ್ಟದ್ದೋ ಎಂಬ ಗೊಡವೆಗೆ ಅವರು ಹೋಗಲಿಲ್ಲ. ಅದು ಅಂದಿನ ಪ್ರಶ್ನೆಯಾಗಿರಲಿಲ್ಲ.

ಮುಂದೇನಾಯಿತು? ಜಾಮೀನಿನ ಮೇಲೆ ಹೊರಬಂದ ಟಿಳಕರಿಗೆ ಬಂಗಾಳದಿಂದ ಹಣ ಬಂತು, ಕಲ್ಕತ್ತೆಯಿಂದ ಬ್ಯಾರಿಸ್ಟರು ಬಂದರು. ಕ್ಷಮೆ ಕೇಳಿ ಪಾರಾಗಬಾರದೇಕೆ ಎಂದು ಹಿತೈಷಿಗಳು ಸೂಚಿಸಿದರು. ಜನರ ನಡುವೆ ತಮಗಿರುವ ಸ್ಥಾನ ತಮ್ಮ ಶೀಲದಿಂದ ಬಂದದ್ದು, ಅದನ್ನು ಕಳೆದುಕೊಂಡು ಊರಿನಲ್ಲಿರುವುದೂ ಅಂಡಮಾನಿನಲ್ಲಿರುವುದೂ ಒಂದೇ ಎಂಬ ಅರ್ಥದ ಉತ್ತರವನ್ನು ಟಿಳಕರು ಬರೆದರು. ಸೆಪ್ಟೆಂಬರ್ 8ರಂದು ನ್ಯಾಯಮೂರ್ತಿ ಸ್ಟ್ರೇಚಿಯವರ ಮುಂದೆ ವಿಚಾರಣೆ ಆರಂಭವಾದಾಗ ಅವರು ಅಲ್ಲಿ ಹಾಜರಿದ್ದರು. ಕಾಯಿದೆಯಲ್ಲಿದ್ದ 'ಅಪ್ರೀತಿ' ಎಂಬ ಮಾತಿಗೆ 'ಪ್ರೀತಿ ಇಲ್ಲದಿರುವುದು' ಎಂದೇ ಅರ್ಥವೆಂದು ಸ್ಟ್ರೇಚಿಯವರು ಜ್ಯೂರಿಗೆ ತಿಳಿಸಿದರು. ಪದದ ಅರ್ಥ ಹೇಳುವುದರಲ್ಲಿಯೇ ಜೀವಮಾನ ಕಳೆದ ನನ್ನಂಥವನಿಗೆ ಆ ವ್ಯಾಖ್ಯಾನ ಓದಿ ಎದೆ ನಡುಗುತ್ತದೆ. ಪ್ರೀತಿಸದಿರುವುದೇ ಅಪರಾಧವಾದರೆ ಯಾವ ಪ್ರಜೆ ಉಳಿದಾನು? ಜ್ಯೂರಿಯಲ್ಲಿದ್ದ ಆರು ಮಂದಿ ಯುರೋಪಿಯನರು ಅಪರಾಧಿಯೆಂದರು. ಮೂವರು ಭಾರತೀಯರು ಅಲ್ಲವೆಂದರು. ಹದಿನೆಂಟು ತಿಂಗಳ ಕಠಿಣ ಸಜೆಯಾಯಿತು. ಮ್ಯಾಕ್ಸ್ ಮುಲ್ಲರ್ ಮೊದಲಾದವರು ಮನವಿ ಮಾಡಿಕೊಂಡದ್ದರಿಂದ ಅವಧಿಗೆ ಮುಂಚೆ, 1898ರ ಸೆಪ್ಟೆಂಬರಿನಲ್ಲಿ, ಬಿಡುಗಡೆಯಾಯಿತು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಶಿಕ್ಷೆಯಾಯಿತಲ್ಲ, ಹಾಗಾದರೆ ತಯ್ಯಬ್ಜಿಯವರು ಜಾಮೀನು ಕೊಟ್ಟದ್ದು ತಪ್ಪಾಯಿತೇ? ಇಲ್ಲ. ಅವರು ಹೇಳಿದ್ದು ಟಿಳಕರು ಬರುತ್ತಾರೆ ಎಂದು, ಟಿಳಕರು ಬಂದರು. ಜಾಮೀನಿನ ಪ್ರಶ್ನೆಗೆ ಉತ್ತರ ಅಲ್ಲಿಗೆ ಮುಗಿಯಿತು. ಜಾಮೀನು ಪಡೆದವನು ತಪ್ಪಿತಸ್ಥನೆಂದು ತೀರ್ಪಾಗಬಹುದು, ಜಾಮೀನು ಸಿಗದವನು ನಿರ್ದೋಷಿಯಾಗಿ ಹೊರಬರಬಹುದು. ಎರಡರಲ್ಲಿಯೂ ವಿರೋಧವಿಲ್ಲ. ಈ ಸಣ್ಣ ಮಾತು ನಮ್ಮ ಬೆಂಚಿನ ಚರ್ಚೆಗಳಲ್ಲಿ ಎಷ್ಟು ಸಲ ಮರೆತುಹೋಗುತ್ತದೆ!

ಈಗ 1908ಕ್ಕೆ ಬರೋಣ. ಕಾಲ ಇನ್ನೂ ಬಿಸಿಯಾಗಿತ್ತು. ಏಪ್ರಿಲ್ 30ರಂದು ಮುಜಫರಪುರದಲ್ಲಿ ಬಾಂಬು ಸಿಡಿದು ಇಬ್ಬರು ಇಂಗ್ಲಿಷ್ ಹೆಂಗಸರು ಸತ್ತರು. ಬಾಂಬನ್ನು ಖಂಡಿಸುತ್ತ, ಆದರೆ ಅದಕ್ಕೆ ಕಾರಣ ಸರಕಾರದ ದಮನನೀತಿಯೇ ಎನ್ನುತ್ತ 'ಕೇಸರಿ' ಲೇಖನಗಳನ್ನು ಬರೆಯಿತು. ಜೂನ್ 24ರಂದು ಟಿಳಕರು ಮುಂಬಯಿಯಲ್ಲಿ ಮತ್ತೆ ಬಂಧಿತರಾದರು. ಮ್ಯಾಜಿಸ್ಟ್ರೇಟರು ಜಾಮೀನು ನಿರಾಕರಿಸಿದರು. ಜುಲೈ 2ರಂದು ಹೈಕೋರ್ಟಿನಲ್ಲಿ ಅರ್ಜಿ ಬಂತು. ಟಿಳಕರ ಪರವಾಗಿ ಎದ್ದವರು ಮೂವತ್ತೊಂದು ವರ್ಷದ ಬ್ಯಾರಿಸ್ಟರು, ಮಹಮ್ಮದ್ ಅಲಿ ಜಿನ್ನಾ. ಪೀಠದ ಮೇಲೆ ಕುಳಿತಿದ್ದವರು ನ್ಯಾಯಮೂರ್ತಿ ದಿನ್ಶಾ ದಾವರ್.

ಅದೇ ದಾವರ್. 1897ರಲ್ಲಿ ತಯ್ಯಬ್ಜಿಯವರ ಎದುರು ನಿಂತು ಇದೇ ಟಿಳಕರಿಗೆ, ಇದೇ ಆರೋಪದ ಮೇಲೆ, ಇದೇ ನ್ಯಾಯಾಲಯದಲ್ಲಿ ಜಾಮೀನು ದೊರಕಿಸಿದ್ದ ದಾವರ್. ಜಿನ್ನಾರ ಕೈಯಲ್ಲಿ ಇದಕ್ಕಿಂತ ಬಲವಾದ ಅಸ್ತ್ರ ಇನ್ನೇನು ಬೇಕು? ನ್ಯಾಯಮೂರ್ತಿಗಳು ವಕೀಲರಾಗಿದ್ದಾಗ ಗೆದ್ದ ವಾದವನ್ನೇ ಅವರ ಮುಂದಿಟ್ಟರು, ತಯ್ಯಬ್ಜಿಯವರ ಆದೇಶವನ್ನೂ ಇಟ್ಟರು. ದಾವರ್ ಜಾಮೀನು ಕೊಡಲಿಲ್ಲ. ಏಕೆ ಕೊಡಲಿಲ್ಲವೆಂಬುದನ್ನು ವಿವರಿಸದಿರುವುದೇ ಲೇಸು ಎಂಬ ಧಾಟಿಯಲ್ಲಿ ಅರ್ಜಿಯನ್ನು ತಳ್ಳಿಹಾಕಿದರು.

ದಾವರರನ್ನು ಅವಕಾಶವಾದಿಯೆಂದು ಬಯ್ಯುವುದು ಸುಲಭ. ಅಂದಿನಿಂದಲೂ ಬಹಳ ಮಂದಿ ಬಯ್ದಿದ್ದಾರೆ. ಆದರೆ ವಕೀಲನ ವಾದ ಕಕ್ಷಿಗಾರನ ಸಲುವಾಗಿ ಆಡಿದ್ದು. ಅದು ಅವನನ್ನು ಜೀವಮಾನವಿಡೀ ಕಟ್ಟಿಹಾಕಬೇಕಾಗಿಲ್ಲ. ಕಾಲವೂ ಬದಲಾಗಿತ್ತು, ಬಾಂಬಿನ ಭಯವಿತ್ತು. ಬರುವನೋ ಬಾರನೋ ಎಂಬುದೊಂದೇ ಸಾಲದು, ಸಾಕ್ಷಿಗಳನ್ನು ಕೆಡಿಸುವನೇ, ಮತ್ತೆ ಅದೇ ಅಪರಾಧ ಮಾಡುವನೇ ಎಂಬುದನ್ನೂ ನೋಡಬೇಕೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಇಂದಿನ ನ್ಯಾಯಾಲಯಗಳೂ ಅದನ್ನು ನೋಡುತ್ತವೆ. ನನ್ನ ಆಕ್ಷೇಪ ಬೇರೆ. ಟಿಳಕರ ಮೊಕದ್ದಮೆಯಲ್ಲಿ ಕೆಡಿಸಬೇಕಾದ ಸಾಕ್ಷಿ ಯಾರಿದ್ದರು? ಸಾಕ್ಷ್ಯವೆಲ್ಲ ಅಚ್ಚಾಗಿ ಊರೂರಿಗೆ ಹೋಗಿತ್ತು. ಕಾರಣವಿದ್ದರೆ ಅದನ್ನು ಹೇಳಬೇಕಾಗಿತ್ತು. ತಯ್ಯಬ್ಜಿಯವರು ಕಾರಣ ಹೇಳಿದರು. ಆದ್ದರಿಂದ ಅವರನ್ನು ಒಪ್ಪದವನೂ ಇವತ್ತಿಗೂ ಅವರೊಡನೆ ವಾದಿಸಬಹುದು. ದಾವರರ ಮೌನದೊಡನೆ ವಾದಿಸುವುದು ಹೇಗೆ? ನ್ಯಾಯಪೀಠವು ಕಾರಣ ಹೇಳದೆ ಬಿಟ್ಟ ಜಾಗವನ್ನು ಜನರ ಊಹೆ ತುಂಬಿಕೊಳ್ಳುತ್ತದೆ. ನೂರಾರು ವರ್ಷ ಕಳೆದರೂ ಅದು ತುಂಬುತ್ತಲೇ ಇರುತ್ತದೆ.

ಆ ನಿರಾಕರಣೆಯ ಫಲವನ್ನು ಟಿಳಕರು ಉಂಡರು. ಈ ಸಲ ಅವರು ತಮ್ಮ ವಾದವನ್ನು ತಾವೇ ಮಾಡಿದರು. ಅದಕ್ಕೆ ಬೇಕಾದ ಸಿದ್ಧತೆಯೆಲ್ಲ ಸೆರೆಮನೆಯೊಳಗಿನಿಂದ ಆಗಬೇಕಾಯಿತು. ಮರಾಠಿ ಲೇಖನಗಳನ್ನು ಇಂಗ್ಲಿಷಿಗೆ ತರುವಾಗ ಪದಗಳ ಬಣ್ಣ ಕೆಟ್ಟಿದೆ, ತಾವು ಬರೆದದ್ದು ಅದಲ್ಲ ಎಂದು ಅವರು ಪದಪದವನ್ನೂ ಹಿಡಿದು ಹೋರಾಡಿದರು. ಒಟ್ಟು ಇಪ್ಪತ್ತೊಂದು ಗಂಟೆ ಹತ್ತು ನಿಮಿಷ ಮಾತನಾಡಿದರು. ಜುಲೈ 22ರ ರಾತ್ರಿ, ಅವರ ಐವತ್ತೆರಡನೆಯ ಹುಟ್ಟುಹಬ್ಬದ ಹಿಂದಿನ ರಾತ್ರಿ, ಏಳಕ್ಕೆ ಎರಡರಂತೆ ಜ್ಯೂರಿ ಅಪರಾಧಿಯೆಂದಿತು. ದಾವರ್ ಆರು ವರ್ಷಗಳ ಗಡೀಪಾರು ವಿಧಿಸಿದರು. ಮುಂಬಯಿಯ ಗಿರಣಿ ಕೆಲಸಗಾರರು ಆರು ವರ್ಷಕ್ಕೆ ಆರು ದಿನವೆಂಬಂತೆ ಮುಷ್ಕರ ಹೂಡಿದರು. ಟಿಳಕರು ಮಂಡಾಲೆಗೆ ಹೋದರು. ಅಲ್ಲಿ ಅವರು ಬರೆದ 'ಗೀತಾರಹಸ್ಯ'ವನ್ನು ಆಲೂರ ವೆಂಕಟರಾಯರು ಕನ್ನಡಕ್ಕೆ ತಂದರು. ನಮ್ಮ ತಂದೆಯವರ ಪುಸ್ತಕದ ಬೀರುವಿನಲ್ಲಿ ಆ ಗ್ರಂಥವನ್ನು ಮೊದಲು ಕಂಡಾಗ ಅದರ ಹಿಂದೆ ಒಂದು ಜಾಮೀನಿನ ಅರ್ಜಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಈ ಕಥೆಗೆ ನಮ್ಮ ನಾಡಿನಲ್ಲಿ ನಡೆದ ಒಂದು ಉಪಸಂಹಾರವಿದೆ. 1916ರಲ್ಲಿ ಬೆಳಗಾವಿಯಲ್ಲಿ ಟಿಳಕರು ಹೋಮ್ ರೂಲ್ ಲೀಗನ್ನು ಸ್ಥಾಪಿಸಿದರು. 'ಕರ್ನಾಟಕ ಸಿಂಹ'ರೆನಿಸಿದ ಗಂಗಾಧರರಾವ್ ದೇಶಪಾಂಡೆಯವರ ಊರದು. ಅಲ್ಲಿ ಮಾಡಿದ ಒಂದು ಭಾಷಣ, ಅಹಮದನಗರದಲ್ಲಿ ಮಾಡಿದ ಎರಡು ಭಾಷಣ, ಇವನ್ನು ಹಿಡಿದು ಸರಕಾರ ಹೊಸ ದಾರಿ ಹುಡುಕಿತು. ಈ ಸಲ ಬಂಧನವಿಲ್ಲ, ಶಿಕ್ಷೆಯಿಲ್ಲ. ಒಂದು ವರ್ಷ ಸನ್ನಡತೆಯಿಂದ ಇರುವುದಾಗಿ ಇಪ್ಪತ್ತು ಸಾವಿರ ರೂಪಾಯಿಯ ಮುಚ್ಚಳಿಕೆ, ಜೊತೆಗೆ ತಲಾ ಹತ್ತು ಸಾವಿರದ ಇಬ್ಬರು ಜಾಮೀನುದಾರರು. ಇದು ಜಾಮೀನಿನ ದಾಯಾದಿ ಎನ್ನಬಹುದು. ಆದರೆ ಇಲ್ಲಿ ಕೇಳುವ ಹೊಣೆ 'ಬರುತ್ತಾನೆ' ಎಂಬುದಕ್ಕಲ್ಲ, 'ಸುಮ್ಮನಿರುತ್ತಾನೆ' ಎಂಬುದಕ್ಕೆ. ನೋಟೀಸು ಕೈಸೇರಿದ್ದು ಟಿಳಕರ ಅರವತ್ತನೆಯ ಹುಟ್ಟುಹಬ್ಬದ ದಿನ. ಜನ ಅವರಿಗೆ ಒಂದು ಲಕ್ಷ ರೂಪಾಯಿಯ ನಿಧಿಯನ್ನು ಅರ್ಪಿಸಿದ ದಿನ. ಹೈಕೋರ್ಟಿನಲ್ಲಿ ಮತ್ತೆ ಜಿನ್ನಾ ವಾದಿಸಿದರು. ನವೆಂಬರ್ 9ರಂದು ನ್ಯಾಯಮೂರ್ತಿ ಬ್ಯಾಚಲರ್ ಮತ್ತು ನ್ಯಾಯಮೂರ್ತಿ ಶಹಾ, ಭಾಷಣಗಳನ್ನು ಇಡಿಯಾಗಿ ಓದಿ ನೋಡಿ, ಆ ಆದೇಶವನ್ನು ರದ್ದುಮಾಡಿದರು. ಎಂಟು ವರ್ಷದ ಹಿಂದೆ ಸೋತ ವಕೀಲ ಈಗ ಗೆದ್ದ.

ಇಷ್ಟು ಹೇಳಿ ನಿಲ್ಲಿಸಿದರೆ ಇದು ಮಹಾಪುರುಷರ ಕಥೆಯಾಗಿ ಉಳಿಯುತ್ತದೆ. ಟಿಳಕರಿಗೆ ಹೊಣೆ ನಿಲ್ಲಲು ಮುಂಬಯಿಯಲ್ಲಿ ಧನಿಕರಿದ್ದರು. ಯಾರೂ ಇಲ್ಲದವನ ಪಾಡೇನು?

ಸುಮಾರು ಮೂವತ್ತು ವರ್ಷದ ಹಿಂದೆ, ನಾನು ಪಾಠ ಹೇಳುತ್ತಿದ್ದ ಊರಿನಲ್ಲಿ ಒಂದು ಗಲಭೆಯಾಯಿತು. ಬಸ್ಸುಗಳಿಗೆ ಕಲ್ಲು ಬಿತ್ತು. ಹಿಡಿದು ಒಯ್ದವರಲ್ಲಿ ನನ್ನ ತರಗತಿಯ ಒಬ್ಬ ಹುಡುಗನಿದ್ದ. ಜಾಮೀನೇನೋ ಮಂಜೂರಾಯಿತು, ಆದರೆ ಹೊಣೆಗೆ ಆಸ್ತಿಯಿದ್ದವರೋ ಸಂಬಳದ ಪತ್ರ ಕೊಡುವ ನೌಕರರೋ ಇಬ್ಬರು ಬೇಕಿತ್ತು. ಅವನ ತಾಯಿ ಹೊಲಗೆಲಸದವಳು. ಒಂದು ಸಂಜೆ ನಮ್ಮ ಮನೆಯ ಬಾಗಿಲಲ್ಲಿ ನಿಂತು, 'ನೀವು ಒಂದು ರುಜು ಹಾಕಿದರೆ ಸಾಕಂತೆ, ಸಾಹೇಬರೇ' ಎಂದಳು. ಮರುದಿನ ಅಧ್ಯಾಪಕರ ಕೊಠಡಿಯಲ್ಲಿ ಈ ವಿಷಯವೇ ಚರ್ಚೆಯಾಯಿತು. ಹುಡುಗ ಕಲ್ಲು ಹೊಡೆದದ್ದು ನಿಜವೇ ಎಂದು ಎಲ್ಲರೂ ಕೇಳಿದರು. ಅವನು ಕೋರ್ಟಿಗೆ ಬರುವನೇ ಎಂದು ಒಬ್ಬರೂ ಕೇಳಲಿಲ್ಲ. ಎರಡು ವರ್ಷ ಒಂದು ದಿನವೂ ತರಗತಿ ತಪ್ಪಿಸದ ಹುಡುಗ ಅವನು. ಬರುವನೆಂದು ನನಗೆ ಗೊತ್ತಿತ್ತು. ಆದರೂ ನನ್ನ ನೌಕರಿಗೆ ಏನಾದೀತೋ, ನಾಲ್ಕು ಜನ ಏನೆಂದಾರೋ ಎಂದು ಹಿಂಜರಿದೆ. 'ನೋಡೋಣಮ್ಮ' ಎಂದೆ. ಆಕೆ ಮತ್ತೆ ಬರಲಿಲ್ಲ. ಕೊನೆಗೆ ಹೊಣೆ ನಿಂತವರು ಅವರ ಊರಿನ ಇಬ್ಬರು ಸಣ್ಣ ರೈತರು, ತಮ್ಮ ಪಹಣಿ ಪತ್ರ ಕೊಟ್ಟು. ಅಷ್ಟರಲ್ಲಿ ಇಪ್ಪತ್ತಮೂರು ದಿನ ಕಳೆದಿತ್ತು, ಪರೀಕ್ಷೆ ಮುಗಿದಿತ್ತು. ಎರಡು ವರ್ಷದ ಮೇಲೆ ಅವನ ಮೇಲಿನ ಆರೋಪ ನಿಲ್ಲಲಿಲ್ಲ. ಅವನು ಮತ್ತೆ ಕಾಲೇಜಿಗೂ ಬರಲಿಲ್ಲ. ದಾವರರ ಬಗೆಗೆ ಓದುವಾಗಲೆಲ್ಲ ನನಗೆ ಆ 'ನೋಡೋಣಮ್ಮ' ನೆನಪಾಗುತ್ತದೆ. ನಾನೂ ಕಾರಣ ಹೇಳಿರಲಿಲ್ಲ.

ನಮ್ಮ ಸರ್ವೋಚ್ಚ ನ್ಯಾಯಾಲಯ ಈ ಪ್ರಶ್ನೆಯನ್ನು ಎತ್ತಿಕೊಂಡದ್ದು ಎಪ್ಪತ್ತರ ದಶಕದಲ್ಲಿ. 1977ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಜಾಮೀನು ಮೂಲನಿಯಮ, ಸೆರೆ ಅಪವಾದ ಎಂಬ ಸೂತ್ರವನ್ನು ಹೇಳಿದರು. ಮರುವರ್ಷ ಅವರ ಮುಂದೆ ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನ ಅರ್ಜಿ ಬಂತು. ಅವನಿಗೆ ಜಾಮೀನು ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವೇ ಹೇಳಿತ್ತು. ಆದರೆ ಕೆಳಗಿನ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಹೊಣೆ ಕೇಳಿದರು. ಅವನ ಸಹೋದರ ಮುಂದೆ ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ತಿರಸ್ಕರಿಸಿದರು. ಕೃಷ್ಣ ಅಯ್ಯರರು ಆ ತೀರ್ಪಿನಲ್ಲಿ ಕೇಳಿದ ಪ್ರಶ್ನೆಯಲ್ಲಿ ನಾವೂ ಇದ್ದೇವೆ. ಒಬ್ಬ ಕನ್ನಡಿಗನೋ ಮಲಯಾಳಿಯೋ ತಮಿಳನೋ ತೆಲುಗನೋ ದೂರದ ಬಸ್ತರದಲ್ಲಿ, ದಿಲ್ಲಿಯ ಚಾಂದನಿ ಚೌಕದಲ್ಲಿ ಸಿಕ್ಕಿಬಿದ್ದರೆ, ಅಲ್ಲಿ ಆಸ್ತಿಯುಳ್ಳ ಜಾಮೀನುದಾರನನ್ನು ಎಲ್ಲಿಂದ ತಂದಾನು ಎಂಬುದು ಅದರ ಸಾರ. ಆ ಗಾರೆಯವನನ್ನು ಅವನದೇ ಒಂದು ಸಾವಿರ ರೂಪಾಯಿಯ ಮುಚ್ಚಳಿಕೆಯ ಮೇಲೆ ಬಿಡಿಸಿದರು. 1979ರಲ್ಲಿ ಬಿಹಾರದ ಸೆರೆಮನೆಗಳಲ್ಲಿ ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಮೊಕದ್ದಮೆ ಬಂತು. ಶಿಕ್ಷೆಯಾಗಿದ್ದರೆ ಕಳೆಯಬೇಕಾಗಿದ್ದಕ್ಕಿಂತ ಹೆಚ್ಚು ಕಾಲವನ್ನು ಅವರಲ್ಲಿ ಕೆಲವರು ಆಗಲೇ ಕಳೆದಿದ್ದರು.

ಅಂದಿನಿಂದ ಕಾನೂನಿನ ಪುಸ್ತಕಗಳು ಬದಲಾಗಿವೆ. ಟಿಳಕರನ್ನು ಎರಡು ಸಲ ಸೆರೆಗೆ ಕಳಿಸಿದ ರಾಜದ್ರೋಹದ ಕಲಮನ್ನು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ತಡೆಹಿಡಿಯಿತು. 2024ರ ಜುಲೈ 1ರಂದು ಹಳೆಯ ದಂಡಸಂಹಿತೆಯೇ ಹೋಗಿ ಹೊಸ ಸಂಹಿತೆಗಳು ಬಂದವು. ಜಾಮೀನು ಮಂಜೂರಾದ ಮೇಲೂ ಹೊಣೆಗಾರರು ಸಿಗದೆ ಒಳಗೇ ಉಳಿದವರ ವಿಷಯದಲ್ಲಿ 2023ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ನಿರ್ದೇಶನಗಳನ್ನು ಕೊಟ್ಟಿದೆ. ಏಳು ದಿನದೊಳಗೆ ಕೈದಿ ಹೊರಬರದಿದ್ದರೆ ಸೆರೆಮನೆಯ ಅಧಿಕಾರಿ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂಬುದು ಅವುಗಳಲ್ಲೊಂದು. ಎಪ್ಪತ್ತರ ದಶಕದ ಸೂತ್ರಕ್ಕೆ 2023ರಲ್ಲಿಯೂ ಇಂಥ ಊರುಗೋಲು ಬೇಕಾಯಿತೆಂದರೆ, ಆ ಸೂತ್ರ ಸೆರೆಮನೆಯ ಬಾಗಿಲಿನವರೆಗೆ ಇನ್ನೂ ಪೂರ್ತಿಯಾಗಿ ನಡೆದುಬಂದಿಲ್ಲವೆಂದೇ ಅರ್ಥ.

ಕಾನೂನು ತನ್ನ ಕೆಲಸವನ್ನು ಮಾಡಲಿ. ನಮ್ಮ ಪಾಲಿಗೆ ಬರುವುದು ಚರ್ಚೆ. ಚರ್ಚೆ ಬೇಡವೆಂದು ನಾನು ಹೇಳುವುದಿಲ್ಲ; ನ್ಯಾಯಾಲಯದ ಆದೇಶವನ್ನು ಜನ ಚರ್ಚಿಸದ ನಾಡು ಒಳ್ಳೆಯ ನಾಡಲ್ಲ. ಆದರೆ ಮುಂದಿನ ಸಲ ಒಂದು ದೊಡ್ಡ ಮೊಕದ್ದಮೆಯ ಸುದ್ದಿ ಓದಿ, 'ಅಂಥವನಿಗೆ ಜಾಮೀನೇ?' ಎಂಬ ಮಾತು ನಾಲಗೆಯ ತುದಿಗೆ ಬಂದಾಗ, ಅಥವಾ ನಮಗೆ ಬೇಕಾದವರು ಒಳಗಾದರೆಂದು ನಾವು ಕುದಿಯುವಾಗ, ನಮ್ಮ ಹಳೆಯ ಮಾತನ್ನು ಒಮ್ಮೆ ನೆನೆಯೋಣ. ಅದು ಅವನು ಎಂಥವನೆಂದು ಕೇಳುವುದಿಲ್ಲ. ಕರೆದ ದಿನ ಬರುವನೇ, ಬರುವನೆಂದು ಹೇಳಲು ಯಾರಾದರೂ ಇದ್ದಾರೆಯೇ ಎಂದಷ್ಟೇ ಕೇಳುತ್ತದೆ. ಆ ಎರಡನೆಯ ಪ್ರಶ್ನೆ ಒಂದೊಂದು ಸಲ ನಮ್ಮ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ.

(ಆಕಾಶವಾಣಿಯ ಸೌಜನ್ಯದಿಂದ)